ನಿಮಗಿದು ಗೊತ್ತೆ? ಗಡ್ಡೆಯೊಳಗೆ ಔಷಧಿ ಸೋಲುವುದೇಕೆ
ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಸಲೀಸಾಗಿ ಕೊಲ್ಲುವ ಔಷಧಿ, ಅವೇ ಕೋಶಗಳು ಗಡ್ಡೆ ಕಟ್ಟಿದಾಗ ಸೋಲುವುದುಂಟು. ರಕ್ತನಾಳದಿಂದ ಸುಮಾರು 0.1ರಿಂದ 0.2 ಮಿಲಿಮೀಟರ್ ದಾಟಿದರೆ ಆಮ್ಲಜನಕ ಮುಟ್ಟುವುದೇ ಕಷ್ಟ. ಸರಸ್ವತಿಪುರಂ ಬಡಾವಣೆಯ ಯಾವುದೋ ಕೊನೇ ಕ್ರಾಸಿನ ಮನೆಗೆ ನಲ್ಲಿ ನೀರು ಸಣ್ಣಗೆ ಬಂದ ಹಾಗೆ, ಔಷಧಿಯೂ ಅಲ್ಲಿಗೆ ತಲುಪುವುದು ಅಷ್ಟಕ್ಕಷ್ಟೆ. ಉಸಿರುಕಟ್ಟಿದ ಎಷ್ಟೋ ಕೋಶಗಳು ಸಾಯದೆ ಬೆಳವಣಿಗೆ ನಿಧಾನಿಸಿಕೊಳ್ಳುತ್ತವೆ. ಹೆಚ್ಚಿನ ಕೀಮೋ ಔಷಧಿಗಳ ಗುರಿಯೋ, ಬೇಗ ಬೇಗ ವಿಭಜನೆಯಾಗುವ ಕೋಶಗಳು! ಸಾಲದ್ದಕ್ಕೆ, ಉಸಿರುಕಟ್ಟಿದ ಈ ಕೋಶಗಳು ಒಳಬಂದ ಔಷಧಿಯನ್ನು ಆಚೆ ನೂಕುವ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪನ್ನೂ ಹೆಚ್ಚಿಸಿಕೊಳ್ಳುತ್ತವೆ. ಹಾಗಾಗಿ ಬರೀ ಕೋಶಗಳ ಬದಲು ಗಡ್ಡೆಯ ಮೇಲೆಯೇ ಔಷಧಿ ಪರೀಕ್ಷಿಸಲೆಂದು, ಬೆಂಗಳೂರಿನಲ್ಲಿ ಹುಟ್ಟಿದ ಮಿತ್ರಾ ಬಯೋಟೆಕ್ ಕಂಪನಿ, ರೋಗಿಯ ಗಡ್ಡೆಯ ತೆಳು ಹೋಳುಗಳನ್ನು ಅವರದೇ ರಕ್ತದ ಸೀರಂ ಮತ್ತು ಗಡ್ಡೆಯ ಪ್ರೋಟೀನ್‌ಗಳ ನಡುವೆ ಇರಿಸಿ ಔಷಧಿ ಪರೀಕ್ಷಿಸುವ ‘ಕ್ಯಾನ್‌ಸ್ಕ್ರಿಪ್ಟ್’ ವಿಧಾನ ರೂಪಿಸಿತು. ವಿವರ 2015ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.