ಪಾಳಾ ಸೀಮೆಯ ವಸಂತದ ತರಕಾರಿ ಮಡಿ

ಶಿರಸಿಯ ಅಡಕೆ ತೋಟಗಳ ತಂಪು ಮೆಲ್ಲನೆ ಹಿಂದೆ ಸರಿದು, ಹಾನಗಲ್ಲು, ಹುಬ್ಬಳ್ಳಿಗಳ ಕಡೆಯ ಬಯಲು ತೆರೆದುಕೊಳ್ಳುವುದಕ್ಕೆ ಮೊದಲು ದೊರೆಯುವ ಸೀಮೆಯೇ ಮುಂಡಗೋಡ ತಾಲ್ಲೂಕಿನ ಪಾಳಾ. ಪೂರ್ಣವಾಗಿ ಮಲೆನಾಡೆನಿಸದ, ಬಯಲುಸೀಮೆಯೆಂದೂ ಹೇಳಲಾಗದ ಈ ಅರೆಮಲೆನಾಡಿನಲ್ಲಿ ಮಳೆಗಾಲವು ಭತ್ತಕ್ಕೂ ಗೋವಿನಜೋಳಕ್ಕೂ ಮೀಸಲು. ಸುಗ್ಗಿ ತೀರಿ, ಗದ್ದೆಯಲ್ಲಿ ಕೂಳೆ ಮಾತ್ರ ಉಳಿದು, ಮಾವಿನ ಹೂವು ಮಿಡಿಗಟ್ಟಿ, ಹೋಳಿಹುಣ್ಣಿಮೆ ಕಳೆದು ಯುಗಾದಿ ಸಮೀಪಿಸುವ ಹೊತ್ತಿಗೆ, ಬಣ್ಣಗೆಟ್ಟ ವಿಸ್ತಾರವಾದ ನೆಲದ ನಡುವೆ, ಬಾವಿಯ ಮಗ್ಗುಲಲ್ಲೋ ಕೆರೆಯ ಕೆಳಗಣ ತಗ್ಗಿನಲ್ಲೋ, ಎರಡು ಮೂರು ಗುಂಟೆಯಷ್ಟು ಜಾಗ ಮಾತ್ರ ಹಸುರಾಗಿ ಉಳಿದಿರುತ್ತದೆ. ಮನೆಯವರು ಬೆಂಡೆ, ಹೀರೆ, ಮೊಗೆಸೌತೆ, ಹರಿವೆ, ಮೆಣಸುಗಳನ್ನು ಹಾಕಿಕೊಂಡಿರುವ ತರಕಾರಿಯ ಮಡಿ ಅದು.

ಭತ್ತವು ಋತುವಿನ ಬೆಳೆ. ಅಡಕೆಯು ತಲೆಮಾರಿನ ಬೆಳೆ. ತರಕಾರಿಯಾದರೋ ದಿನದ ಬೆಳೆ. ಭತ್ತವನ್ನು ನೆಟ್ಟವನು ನಾಲ್ಕು ದಿನ ನೆಂಟರ ಮನೆಗೆ ಹೋಗಿಬಂದರೆ ಗದ್ದೆಗೆ ಅಷ್ಟೇನೂ ಕೇಡಿಲ್ಲ; ವಸಂತದ ಬಿಸಿಲಿನಲ್ಲಿ ತರಕಾರಿಯ ಮಡಿಯನ್ನು ಎರಡು ದಿನ ಕಾಣದೆ ಬಿಟ್ಟವನು ಮೂರನೆಯ ದಿನ ಬಾಡಿದ ಎಲೆಯನ್ನೋ, ಬಲಿತು ನಾರಾದ ಕಾಯನ್ನೋ, ಹುಳು ಹೊಕ್ಕ ಮಿಡಿಯನ್ನೋ ಕಾಣಬೇಕಾಗುತ್ತದೆ. ಈ ಬೇಸಾಯದ ಹರ್ಷವೆಲ್ಲವೂ ಖೇದವೆಲ್ಲವೂ ಇದೊಂದು ಸಂಗತಿಯಿಂದಲೇ ಹುಟ್ಟುತ್ತವೆ: ದಿನವೂ ಬಂದು ನೋಡುವ ಕಣ್ಣಿಗಲ್ಲದೆ ಅದು ಮತ್ತಾವುದಕ್ಕೂ ಒಲಿಯುವುದಿಲ್ಲ.

ಮೊದಲ ಕಷ್ಟ ಮಣ್ಣಿನದು. ನಾಟಿಗಾಗಿ ಕೆಸರು ಕಲಸಿದ ಗದ್ದೆಯು ಒಣಗಿದ ಮೇಲೆ ಹೆಂಟೆಗಟ್ಟುತ್ತದೆ. ಅದನ್ನು ಒಡೆದು, ಕೊಟ್ಟಿಗೆಗೊಬ್ಬರವನ್ನು ಬೆರೆಸಿ, ಪಾತಿ ಕಟ್ಟಿ, ಬೀಜ ಮೊಳೆತ ಮೇಲೆ ಕಾಡಿನ ದರಕನ್ನು, ಎಂದರೆ ಒಣಗಿದ ಎಲೆಯನ್ನು, ಬುಡಕ್ಕೆ ಹೊದಿಸಿದರಲ್ಲದೆ ನೆಲದಲ್ಲಿ ತೇವ ನಿಲ್ಲದು. ಬೀಜವನ್ನಾದರೂ ಹಳೆಯ ಮನೆಗಳಲ್ಲಿ ಕೊಂಡು ತರುತ್ತಿರಲಿಲ್ಲ. ಸೌತೆಯ ಬೀಜವನ್ನು ಸಗಣಿ ಬೂದಿಗಳೊಡನೆ ಗೋಡೆಗೆ ಮೆತ್ತಿಡುವುದೂ, ಒಣಗಿದ ಹೀರೆಯ ಕಾಯನ್ನು ಇಡಿಯಾಗಿಯೇ ಒಲೆಯ ಹೊಗೆ ತಾಗುವೆಡೆಯಲ್ಲಿ ತೂಗುಹಾಕುವುದೂ ಗೃಹಿಣಿಯರ ವಾಡಿಕೆಯಾಗಿತ್ತು. ಹೀಗೆ ಕಾದಿಟ್ಟ ಬೀಜ ಮೊಳೆತು ಎರಡು ದಳ ಬಿಟ್ಟಾಗ ಆಗುವ ಸಂತೋಷ ಅಲ್ಪವಾದುದಲ್ಲ. ಹರಿವೆಯು ತಿಂಗಳೊಳಗೆ ಸಾರಿಗೆ ಒದಗುತ್ತದೆ. ಬೆಂಡೆಯೂ ಸೌತೆಯೂ ಸುಮಾರು 45 ದಿನಗಳ ತಾಳ್ಮೆಯನ್ನು ಬೇಡುತ್ತವೆ.

ಆ ತಾಳ್ಮೆಯ ಅವಧಿಯಲ್ಲಿಯೇ ಆತಂಕಗಳು ತಲೆದೋರುವುವು. ಚೆನ್ನಾಗಿ ಬೆಳೆದು ನಿಂತ ಬೆಂಡೆಯ ಗಿಡದಲ್ಲಿ ಒಂದು ಬೆಳಗ್ಗೆ ಹೊಸ ಎಲೆಯ ನರಗಳಷ್ಟೇ ಹಳದಿಯಾಗಿ, ಹಸುರು ಎಲೆಯ ಮೇಲೆ ಹಳದಿಯ ಬಲೆಯೊಂದು ಮೂಡಿರುತ್ತದೆ. ಆ ಎಲೆಯನ್ನು ಮೆಲ್ಲನೆ ಮಗುಚಿ ನೋಡಿದರೆ ಅಡಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಬಿಳಿನೊಣಗಳು ಕುಳಿತಿರುವುದು ಗೋಚರಿಸುತ್ತದೆ; ಮುಟ್ಟಿದೊಡನೆ ಅವು ಹಿಟ್ಟು ಉದುರಿದಂತೆ ಹಾರಿ ಪಕ್ಕದ ಗಿಡವನ್ನು ಸೇರುತ್ತವೆ, ರೋಗವನ್ನೂ ಅಲ್ಲಿಗೆ ಒಯ್ಯುತ್ತವೆ. ಈ ಹಳದಿನರದ ರೋಗವನ್ನು ಕುಲಕರ್ಣಿ ಎಂಬ ವಿಜ್ಞಾನಿ ಮುಂಬಯಿ ಪ್ರಾಂತದಲ್ಲಿ 1924ರಲ್ಲಿ ಮೊದಲ ಬಾರಿಗೆ ವರದಿ ಮಾಡಿದರು; ಅಂದು ನಮ್ಮ ಉತ್ತರ ಕನ್ನಡವೂ ಅದೇ ಪ್ರಾಂತಕ್ಕೆ ಸೇರಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಕಾಡುಬೆಂಡೆಯೊಡನೆ ಸಂಕರಗೊಳಿಸಿ ಅರ್ಕಾ ಅನಾಮಿಕಾ ಎಂಬ ತಳಿಯನ್ನು ನೀಡಿದ್ದು ಈ ರೋಗವನ್ನು ಎದುರಿಸುವುದಕ್ಕಾಗಿಯೇ. ಆದರೂ ಯಾವ ತಳಿಯ ಬಲವೂ ಶಾಶ್ವತವಲ್ಲ. ರೋಗ ಹಿಡಿದ ಮೊದಲ ಗಿಡವನ್ನು ಮನಸ್ಸು ಗಟ್ಟಿಮಾಡಿ ಅಂದೇ ಕಿತ್ತು ಸುಡುವವನ ಮಡಿಯೇ ಉಳಿಯುತ್ತದೆ. ಅದೊಂದು ಗಿಡದ ಮೇಲಿನ ಮಮತೆ ನಲವತ್ತು ಗಿಡಗಳಿಗೆ ಮುಳುವಾಗಬಲ್ಲುದು.

ಮೆಣಸಿನ ಗಿಡದ ಮುರುಟು ರೋಗವೂ ಇಂಥದೇ. ಎಲೆಯ ಅಂಚು ಮೇಲಕ್ಕೆ ಮಡಚಿದರೆ ಅದು ಥ್ರಿಪ್ಸ್ ನುಸಿಯ ಕೆಲಸ, ಕೆಳಕ್ಕೆ ಮಡಚಿದರೆ ಮೈಟ್ ನುಸಿಯ ಕೆಲಸ. ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ ದೇಶವೆಲ್ಲ ಖ್ಯಾತಿಯಿದ್ದರೂ, ಅದನ್ನು ಬೆಳೆಯುವ ರೈತನಿಗೂ, ಮನೆಯ ಹಿಂದೆ ಹತ್ತು ಗಿಡ ಸಾಕಿದವನಿಗೂ ಈ ನುಸಿಯ ಕಾಟ ಒಂದೇ ಸಮನಾದುದು.

ಬಳ್ಳಿಗಳ ವಿಷಯದಲ್ಲಿ ಹೊಸಬರು ಪಡುವ ನಿರಾಶೆ ಬೇರೆ ಬಗೆಯದು. ಸೌತೆಯೂ ಹೀರೆಯೂ ಹೇರಳವಾಗಿ ಹೂಬಿಟ್ಟು, ಒಂದೂ ಕಾಯಿ ಕಚ್ಚದೆ ಹೂವೆಲ್ಲ ಉದುರಿದಾಗ ಬಳ್ಳಿಗೆ ಏನೋ ದೋಷವೆಂದು ಅವರು ಭಾವಿಸುತ್ತಾರೆ. ದೋಷವೇನೂ ಅಲ್ಲ, ಮೊದಲು ಬರುವುವು ಗಂಡು ಹೂಗಳು. ತೊಟ್ಟಿನ ಬದಲಿಗೆ ಬೆರಳುಗುರಿನಷ್ಟು ಮಿಡಿಯನ್ನು ಹಿಂದೆ ಹೊತ್ತುಕೊಂಡು ಬರುವ ಹೂವೇ ಹೆಣ್ಣು. ಬಿಸಿಲಿನ ತಾಪ ಏರಿದಷ್ಟೂ ಗಂಡು ಹೂಗಳು ಅಧಿಕವಾಗುತ್ತವೆ, ಹೆಣ್ಣು ಹೂಗಳು ವಿರಳವಾಗುತ್ತವೆ. ಆದುದರಿಂದಲೇ ಚೈತ್ರದ ಕೊನೆಗೆ ಬಿತ್ತುವುದಕ್ಕಿಂತ ಮಾಘದಲ್ಲಿಯೇ ಬಿತ್ತುವುದು ಲೇಸೆಂದು ಅನುಭವಸ್ಥರು ಹೇಳುವುದುಂಟು. ಸೌತೆಯ ಹೂವಿಗೆ ಬೆಳಗಿನ ತುಡುವೆ ಜೇನೇ ಆಧಾರ. ಹೀರೆಯ ಹೂವಾದರೋ ಇಳಿಹೊತ್ತಿಗೆ ಅರಳುತ್ತದೆ. ಸಂಜೆ ನೀರು ಹಾಯಿಸಲು ಬಂದವರಿಗೆ ಚಪ್ಪರವೆಲ್ಲ ಹಳದಿಯಾಗಿ ಕಾಣುವ ಆ ಗಳಿಗೆಯು ಈ ದುಡಿಮೆಯ ದೊಡ್ಡ ಪ್ರತಿಫಲಗಳಲ್ಲೊಂದು. ಮಿಡಿ ಬಲಿಯತೊಡಗಿದ ಮೇಲೆ ಹಣ್ಣುನೊಣ ಅದನ್ನು ಚುಚ್ಚಿ ಮೊಟ್ಟೆಯಿಡುತ್ತದೆ; ಚುಚ್ಚಿದೆಡೆಯಲ್ಲಿ ಅಂಟು ಒಸರಿ ಕಾಯಿ ಸೊಟ್ಟಗಾಗುತ್ತದೆ. ಅಂಥ ಕಾಯನ್ನು ಬೇಲಿಯಾಚೆ ಎಸೆಯದೆ ಆಳವಾಗಿ ಹೂಳಬೇಕು. ಎಸೆದ ಕಾಯಿಂದ ಮತ್ತೊಂದು ಪೀಳಿಗೆಯ ನೊಣಗಳು ಎದ್ದುಬರುತ್ತವೆ.

ಇನ್ನು ನೀರಿನ ಮಾತು. ಇದೇ ತಾಲ್ಲೂಕಿನ ಮಳಗಿಯ ಬಳಿ ಧರ್ಮಾ ಜಲಾಶಯದಲ್ಲಿ ನಿಂತ ನೀರು ಹಾನಗಲ್ಲಿನ ಕಡೆಯ ಗದ್ದೆಗಳಿಗೆ ಹರಿಯುತ್ತದೆ. ಆದರೆ ಹಿತ್ತಲ ಮಡಿಗೆ ಬಾವಿಯೂ ಕೊಳವೆಬಾವಿಯೂ ಹತ್ತಿರದ ಕೆರೆಯೂ ಗತಿ. ಬಾವಿಯ ನೀರು ದಿನೇ ದಿನೇ ಇಳಿಯುತ್ತಿರುವುದನ್ನು ನೋಡುತ್ತ, ಇರುವುದನ್ನು ಮೆಣಸಿಗೆ ಕೊಡುವುದೋ ಬಸಳೆಗೆ ಕೊಡುವುದೋ ಎಂದು ತೂಗಿ ನೋಡುವ ದಿನಗಳಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ ನೆಟ್ಟಿರುತ್ತದೆ. ಏಪ್ರಿಲ್ ನಡುವಿನಲ್ಲಿ ಹುಟ್ಟುವ ಅಶ್ವಿನಿಯ ಮಳೆಯನ್ನು ‘ಅಶ್ವಿನಿ ಸಸ್ಯನಾಶಿನಿ’ ಎಂದೂ, ಅದರ ಬೆನ್ನಿಗೆ ಬರುವುದನ್ನು ‘ಭರಣಿ ಮಳೆಗೆ ಧರಣಿಯೆಲ್ಲ ಬೆಳೆ’ ಎಂದೂ ಹಿರಿಯರು ಸುಮ್ಮನೆ ಹೇಳಿದವರಲ್ಲ. ಗುಡುಗು, ಬಿರುಗಾಳಿ, ಆಲಿಕಲ್ಲುಗಳೊಡನೆ ಬರುವ ಅಕಾಲದ ಮಳೆಯು ಚಪ್ಪರವನ್ನು ಕೆಡವಿ, ಎಲೆಯನ್ನು ಹರಿದು, ಹೂವನ್ನು ತೊಳೆದುಬಿಡುತ್ತದೆ. ಅದೇ ಮಳೆ ಎರಡು ವಾರ ಕಳೆದು ಹದವಾಗಿ ಬಂದರೆ ಸೊರಗಿದ ಬಳ್ಳಿಯು ಹೊಸ ಕುಡಿಯೊಡೆದು ನಿಲ್ಲುತ್ತದೆ.

ಕಾಡಿನ ಅಂಚಿನ ಊರುಗಳಲ್ಲಿ ಇಷ್ಟರಿಂದಲೇ ಸಂಕಟ ಮುಗಿಯದು. ಮಂಗಗಳು ಹಗಲಿನಲ್ಲಿ, ಕಾಡುಹಂದಿಗಳು ಇರುಳಿನಲ್ಲಿ, ನವಿಲುಗಳು ಬೆಳಗಿನ ಜಾವದಲ್ಲಿ ಬಂದು ತಮ್ಮ ಪಾಲನ್ನು ಕೇಳದೆಯೇ ಒಯ್ಯುತ್ತವೆ. ಬೇಲಿ ಕಟ್ಟಿ, ಹಳೆಯ ಸೀರೆ ತೂಗಿ, ಡಬ್ಬಿ ಬಡಿದು ಕಾವಲು ಕಾಯುವುದು ಮನೆಯ ಮುದುಕರಿಗೂ ಮಕ್ಕಳಿಗೂ ಬೇಸಿಗೆಯ ನಿತ್ಯಕರ್ಮವೇ ಆಗುತ್ತದೆ.

ಇಷ್ಟೆಲ್ಲ ಕಳೆದು ಬೆಳೆ ಕೈಗೆ ಹತ್ತಿದಾಗ ಅದು ಒಮ್ಮೆಗೇ ಹತ್ತುತ್ತದೆ. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಲೇಬೇಕು. ತುದಿಯನ್ನು ಬೆರಳಿನಿಂದ ಮುರಿದಾಗ ಪಟ್ಟನೆ ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಕೊಯ್ಯದೆ ಬಿಟ್ಟರೆ ಗಿಡವು ಹೊಸ ಹೂ ಕೊಡುವುದನ್ನೇ ಕಡಿಮೆ ಮಾಡುತ್ತದೆ. ಎಲ್ಲರ ಮಡಿಯಲ್ಲೂ ಒಂದೇ ವಾರ ಹೀರೆ ತುಂಬಿದಾಗ ಸಂತೆಯಲ್ಲಿ ಬೆಲೆ ಕುಸಿಯುವುದು ಸಹಜ. ಆದರೆ ನೆರೆಮನೆಗೆ ಒಂದು ಬುಟ್ಟಿ ಹೋಗಿ ಅಲ್ಲಿಂದ ಹಾಗಲವೋ ಬದನೆಯೋ ಮರಳಿ ಬರುವ ಪದ್ಧತಿಗೆ ಯಾವ ಬೆಲೆಯ ಹಂಗೂ ಇಲ್ಲ. ಬಲಿತ ಮೊಗೆಕಾಯಿಗಳನ್ನು ಬಾಳೆಯ ನಾರಿನಿಂದ ಬಿಗಿದು ಅಟ್ಟದ ಜಂತಿಗೆ ತೂಗುಹಾಕಿದರೆ ಆಷಾಢದ ಜಡಿಮಳೆಯಲ್ಲಿ ಹುಳಿಗೂ ತಂಬುಳಿಗೂ ಒದಗುತ್ತವೆ.

ಇಂಥ ತುಂಡುಭೂಮಿಯ ಮಹತ್ವವನ್ನು ಲೋಕವು ಕಷ್ಟಕಾಲದಲ್ಲಿ ಕಂಡುಕೊಂಡಿದೆ. ಇಂಗ್ಲೆಂಡಿನಲ್ಲಿ 1908ರ ಕಾಯಿದೆಯು ಬಯಸಿದ ಪ್ರಜೆಗೆ ತರಕಾರಿಯ ತುಂಡನ್ನು ಗೇಣಿಗೆ ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸಿತು. ಅಲ್ಲಿನ ವಾಡಿಕೆಯ ತುಂಡಿನ ಅಳತೆ ನಮ್ಮ ಎರಡೂವರೆ ಗುಂಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ದೇಶದ ಊಟಕ್ಕೆ ಈ ತುಂಡುಗಳೂ ಆಸರೆಯಾದುವು. 1940ರ ದಶಕದಲ್ಲಿ ನಮ್ಮಲ್ಲಿಯೂ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ನಡೆಯಿತು. ನಮ್ಮ ಕಾಲದಲ್ಲಿ, ಪಾಳಾಕ್ಕೆ ನೆರೆಯ ಶಿರಸಿಯಲ್ಲಿ, ವನಸ್ತ್ರೀ ಎಂಬ ಮಹಿಳೆಯರ ಸಂಘಟನೆಯು ಹಿತ್ತಲಿನ ನಾಟಿ ಬೀಜಗಳನ್ನು ಕಾದು, ಹಂಚಿ, ವಿನಿಮಯ ಮಾಡಿಕೊಳ್ಳುವ ಕಾರ್ಯವನ್ನು ಶ್ರದ್ಧೆಯಿಂದ ನಡೆಸುತ್ತ ಬಂದಿದೆ. ಬೀಜವು ಅಂಗಡಿಯ ಪೊಟ್ಟಣವೊಂದನ್ನೇ ನೆಚ್ಚಿಕೊಂಡ ದಿನ ಈ ಮಡಿಯ ಸ್ವಾತಂತ್ರ್ಯವೂ ಮುಗಿಯುತ್ತದೆಂಬುದನ್ನು ಆ ಹೆಂಗಸರು ಚೆನ್ನಾಗಿ ಅರಿತಿದ್ದಾರೆ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ಸಂತೆಯಲ್ಲಿ ಸೊಟ್ಟಗಿನ ಹೀರೆಯನ್ನು ಮುಂದಿಟ್ಟುಕೊಂಡು ಕುಳಿತ ಹೆಂಗಸಿನೊಡನೆ ಎರಡು ರೂಪಾಯಿಗಾಗಿ ಚೌಕಾಶಿ ಮಾಡಬೇಡಿ. ಅದರ ಹಿಂದೆ ಇರುವ ಬೆಳಗು ಬೈಗುಗಳ ದುಡಿಮೆಯನ್ನು ನೆನೆಯಿರಿ. ನಿಮಗೆ ನೆಲವೂ ನೀರೂ ಇದ್ದರೆ ಈ ವರ್ಷ ಒಂದೇ ಒಂದು ಪಾತಿಯನ್ನಾದರೂ ಮಾಡಿ, ದಿನವೂ ಹೋಗಿ ನೋಡಿ. ಬಳ್ಳಿಯಲ್ಲಿ ಮೊದಲು ಬಲಿತ ಅತ್ಯಂತ ಸೊಗಸಾದ ಕಾಯನ್ನು ಅಡುಗೆಗೆ ಕೊಯ್ಯದೆ ಬೀಜಕ್ಕೆ ಬಿಡಿ. ಆ ಬೀಜದಲ್ಲಿ ಅರ್ಧವನ್ನು ನೆರೆಯವರಿಗೆ ಕೊಡಿ.