ಪದವಿ ಸಮಾನ, ವಿದ್ಯಾರ್ಥಿವೇತನ ಮಾತ್ರ ಇಲ್ಲ

ಆನ್‌ಲೈನ್ ಕ್ರಮದಿಂದ ಪಡೆದ ಪದವಿಯು ಕಾಲೇಜಿನಲ್ಲಿ ಕುಳಿತು ಪಡೆದ ಪದವಿಗೆ ಸಮಾನವೆಂದು ಯು.ಜಿ.ಸಿ.ಯವರು 2020ರ ನಿಬಂಧನೆಗಳಲ್ಲಿ ವಿಧಿಸಿ, 2022ರಲ್ಲಿ ಪುನಃ ಸ್ಪಷ್ಟಪಡಿಸಿದರು. ಅದನ್ನು ನಾವು ಸಂತೋಷದಿಂದಲೇ ಸ್ವಾಗತಿಸಿದೆವು. ಆದರೆ ಕೇಂದ್ರ ಸರ್ಕಾರದವರ ವಿದ್ಯಾರ್ಥಿವೇತನದ ಯೋಜನೆಯನ್ನು ನೋಡಿರಿ. ಪಿ.ಯು. ಪರೀಕ್ಷೆಯಲ್ಲಿ ಮೇಲಿನ ನೂರಕ್ಕೆ ಇಪ್ಪತ್ತು ಮಂದಿಯೊಳಗೆ ಬಂದು, ಕುಟುಂಬದ ವಾರ್ಷಿಕ ವರಮಾನವು ನಾಲ್ಕೂವರೆ ಲಕ್ಷ ರೂಪಾಯಿ ಮೀರದವರಿಗೆ ಪದವಿ ತರಗತಿಯಲ್ಲಿ ವರ್ಷಕ್ಕೆ 12,000 ರೂ. ಕೊಡತಕ್ಕ ಆ ಯೋಜನೆಯು 'ರೆಗ್ಯುಲರ್' ತರಗತಿಯವರಿಗೇ ಮೀಸಲು. ಅಂಚೆ ಶಿಕ್ಷಣ, ದೂರಶಿಕ್ಷಣಗಳವರು ಹೊರಗೆ. ಆನ್‌ಲೈನ್ ವಿದ್ಯಾರ್ಥಿಯೂ ಅವರೊಡನೆ ಬಾಗಿಲಾಚೆ ನಿಲ್ಲಬೇಕಾಗಿದೆ. ಒಂದು ಕೈ ಬರೆದುದನ್ನು ಇನ್ನೊಂದು ಕೈ ಅಳಿಸುವುದೆ?

ಮನೆಯಲ್ಲಿಯೇ ಓದುವವರಿಗೆ ಹಣವೇಕೆಂದು ಅಧಿಕಾರಿಗಳು ಕೇಳಬಹುದು. ಶುಲ್ಕ, ಕಂಪ್ಯೂಟರು, ಡೇಟಾ ಇವು ಪುಕ್ಕಟೆಯಾಗಿ ಬರುವುವೆ? ಹಗಲು ಅಂಗಡಿಯಲ್ಲಿ ದುಡಿದು ರಾತ್ರಿ ಓದುವ ಹುಡುಗನೂ, ಊರು ಬಿಡಲಾರದ ಹೆಣ್ಣುಮಗಳೂ ಈ ಮಾರ್ಗ ಹಿಡಿದಿರುವುದು ವಿಲಾಸಕ್ಕಲ್ಲ.

ಕಳ್ಳ ಸಂಸ್ಥೆಗಳು ಬೊಕ್ಕಸದ ಹಣವನ್ನು ನುಂಗಿಯಾವೆಂಬ ಭಯವು ನಿರಾಧಾರವಲ್ಲ. ಅಮೆರಿಕಾದಲ್ಲಿ ಅಂಚೆ ಶಾಲೆಗಳ ವಂಚನೆಗೆ ಬೆದರಿಯೇ, ಅರ್ಧಕ್ಕಿಂತ ಹೆಚ್ಚು ಪಾಠಗಳನ್ನು ದೂರದಿಂದ ಹೇಳುವ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸರ್ಕಾರದ ಸಹಾಯಧನವಿಲ್ಲವೆಂದು 1992ರಲ್ಲಿ ಶಾಸನ ಮಾಡಿದರು. 2006ರಲ್ಲಿ ಆನ್‌ಲೈನ್ ಪಾಠದ ಮಟ್ಟಿಗೆ ಆ ನಿರ್ಬಂಧವನ್ನು ತೆಗೆದರು. ನಮ್ಮಲ್ಲಿಯಾದರೋ ಯು.ಜಿ.ಸಿ.ಯ ಮಾನ್ಯತೆಯಿಲ್ಲದೆ ಆನ್‌ಲೈನ್ ಪದವಿ ಕೊಡುವಂತೆಯೇ ಇಲ್ಲ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯನ್ನೇ ವಿದ್ಯಾರ್ಥಿವೇತನಕ್ಕೂ ಆಧಾರವಾಗಿಟ್ಟು, ಹಾಜರಿಗೆ ಬದಲು ಪರೀಕ್ಷೆಯ ಫಲಿತಾಂಶವನ್ನು ನೋಡಿ ಹಣ ಕೊಡುವುದಕ್ಕೆ ಅಡ್ಡಿಯೇನು? ಮುಂದಿನ ಸಾಲಿನ ಅರ್ಜಿಗಳನ್ನು ಕರೆಯುವ ಮೊದಲು ಶಿಕ್ಷಣ ಮಂತ್ರಾಲಯದವರು 'ರೆಗ್ಯುಲರ್' ಎಂಬ ಆ ಒಂದು ಪದವನ್ನು ತಿದ್ದಲಿ.