ಕೊಲೆಯಿಲ್ಲದ ಸಸ್ಪೆನ್ಸ್: ತ್ರಿವೇಣಿ ಕಾದಂಬರಿಗಳಲ್ಲಿ ಭಯ ಹುಟ್ಟೋದು ಎಲ್ಲಿಂದ?

ನಮ್ಮ ಕೊಕಟನೂರ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರೆಪಾ’ ಅಂತ ನಗ್ತಾರೆ. ಆ ಧಾರವಾಡ ಅಂದರೆ ಪೇಡೆಯೂ ಅಲ್ಲ, ಬೇಂದ್ರೆಯೂ ಅಲ್ಲ, ಮಾನಸಿಕ ಆಸ್ಪತ್ರೆ. ಈ ಜೋಕ್ ನಾನೂ ಎಷ್ಟೋ ಸಲ ಹೊಡೆದಿದ್ದೇನೆ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ತ್ರಿವೇಣಿಯವರ ‘ಶರಪಂಜರ’ ಓದಿ ಮುಗಿಸಿದ ಮೇಲೆ ಯಾಕೋ ಅದು ಬಾಯಿಗೆ ಬರಲಿಲ್ಲ.

ತ್ರಿವೇಣಿ ಅಂದ ಕೂಡಲೇ ‘ಹೆಂಗಸರ ಕಾದಂಬರಿ, ಲವ್ ಸ್ಟೋರಿ’ ಅಂತ ಪಕ್ಕಕ್ಕಿಡೋ ಚಾಳಿ ನಮ್ಮಲ್ಲಿದೆ. ಪ್ರೀತಿ, ಮದುವೆ, ಮನೆ ಎಲ್ಲ ಅಲ್ಲಿದೆ, ನಿಜ. ಆದರೆ ಪುಟ ತಿರುಗಿಸೋದು ಪ್ರೀತಿ ಅಲ್ಲ, ದಿಗಿಲು. ಪತ್ತೇದಾರಿ ಕಾದಂಬರಿಯಲ್ಲಿ ಹೆಣ ಬೀಳುತ್ತೆ, ಕೊಂದವರು ಯಾರು ಅಂತ ಹುಡುಕ್ತೀವಿ. ಇಲ್ಲಿ ಹೆಣ ಇಲ್ಲ. ಎದುರಿಗೆ ಕೂತು ಕಾಫಿ ಕುಡೀತಿರೋ ಗಂಡನ ತಲೆಯಲ್ಲಿ ಏನು ಓಡ್ತಿದೆ ಅನ್ನೋದೇ ಪತ್ತೆಯಾಗಬೇಕಾದ ವಿಷಯ.

‘ಬೆಳ್ಳಿಮೋಡ’ ನೋಡಿ. ಇಂದಿರೆ ಎಸ್ಟೇಟಿನ ಒಬ್ಬಳೇ ಮಗಳು. ಮೋಹನ ಅವಳನ್ನು ಮದುವೆಯಾಗಲು ಒಪ್ಪಿದ್ದಾನೆ. ಅವನು ಒಪ್ಪಿದ್ದು ಅವಳನ್ನೋ, ಎಸ್ಟೇಟನ್ನೋ? ಉತ್ತರ ಸಿಗೋದು ಅವಳಿಗೊಬ್ಬ ತಮ್ಮ ಹುಟ್ಟಿದಾಗ. ಆಸ್ತಿಗೆ ವಾರಸುದಾರ ಬಂದ, ವರ ಹಿಂದೆ ಸರಿದ. ವರದಕ್ಷಿಣೆಯ ಲೆಕ್ಕಾಚಾರದ ಬಗ್ಗೆ ಒಂದು ಭಾಷಣವೂ ಇಲ್ಲದೆ ಇಷ್ಟು ಹೇಳಿದ್ದು ಸಣ್ಣ ಮಾತಲ್ಲ. ಕೊನೆಗೆ ಅವನು ಮನಸ್ಸು ಬದಲಿಸಿ ಬರ್ತಾನೆ, ಅವಳು ಒಲ್ಲೆ ಅಂತಾಳೆ.

‘ಶರಪಂಜರ’ದಲ್ಲಿ ಇದೇ ತಂತ್ರ ಇನ್ನೂ ಕ್ರೂರ. ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತೆ, ಆಸ್ಪತ್ರೆಗೆ ಸೇರ್ತಾಳೆ, ಗುಣವಾಗಿ ಮನೆಗೆ ಬರ್ತಾಳೆ. ಮಾಮೂಲಿ ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಸಸ್ಪೆನ್ಸ್ ಶುರುವಾಗೋದೇ ಇಲ್ಲಿಂದ. ನಕ್ಕರೂ ಅನುಮಾನ, ಸಿಟ್ಟು ಬಂದರೂ ಅನುಮಾನ. ಅವಳ ಜತೆ ನಾವೂ ಹೆಜ್ಜೆ ಅಳೆದು ಇಡ್ತೀವಿ. ಗಂಡನಿಗೆ ಬೇರೆ ಸಂಬಂಧ ಇರೋದು ಗೊತ್ತಾದಾಗ, ಅದನ್ನು ಹೇಳಿದರೂ ನಂಬೋರು ಯಾರು?

ಈ ಕಣ್ಣು ಅವರಿಗೆ ಎಲ್ಲಿಂದ ಬಂತು? 1928ರಲ್ಲಿ ಹುಟ್ಟಿದ ಅನಸೂಯಾಗೆ ಬಿ.ಎಂ.ಶ್ರೀ. ದೊಡ್ಡಪ್ಪ, ಸಾಹಿತ್ಯ ಮನೆಯಲ್ಲೇ ಇತ್ತು. ಆದರೆ ದೊಡ್ಡ ಪ್ರಭಾವ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಮನಃಶಾಸ್ತ್ರ ಅಂತ ನನ್ನ ಅಂದಾಜು. ನೆರೆಹೊರೆ ‘ದೆವ್ವ’, ‘ಹಟ’, ‘ಕೊಬ್ಬು’ ಅಂತ ಕರೆದಿದ್ದಕ್ಕೆ ಅವರು ಕಾರಣ ಹುಡುಕಿದರು. ಅವರು ಬರೆದಿದ್ದು ಹತ್ತೇ ವರ್ಷ, ಸುಮಾರು 20 ಕಾದಂಬರಿ. 1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಕ್ಕೆ, ತೀರಿಕೊಂಡರು. ಆಗಿನ್ನೂ 35 ತುಂಬಿರಲಿಲ್ಲ. ಬಾಣಂತಿಯ ಮನಸ್ಸನ್ನು ಕನ್ನಡದಲ್ಲಿ ಅಷ್ಟು ಹತ್ತಿರದಿಂದ ಬರೆದವರು ಬಾಣಂತಿಯಾಗಿಯೇ ಹೋದರು.

ತಕರಾರೂ ಇದೆ. ಅವರ ಲೋಕ ಹೆಚ್ಚಾಗಿ ಮೈಸೂರು ಸೀಮೆಯ ಓದಿದ, ಅನುಕೂಲಸ್ಥ ಮನೆಗಳದ್ದು. ನಮ್ಮೂರ ಯಲ್ಲಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಮನಸ್ಸಿನೊಳಗೆ ಹೊಕ್ಕು ನೋಡುವ ತ್ರಿವೇಣಿ ಬೇಕಿತ್ತು, ಸಿಗಲಿಲ್ಲ.

ಕಾವೇರಿಗೆ ಬಂದಂಥ ಕಾಯಿಲೆಗೆ ಈಗ ವೈದ್ಯರು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಅಂತಾರೆ. ಸಾವಿರ ಹೆರಿಗೆಗೆ ಒಂದೋ ಎರಡೋ. ಚಿಕಿತ್ಸೆ ಇದೆ. ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮನೆಯವರು ಸೇರಿಸಿಕೊಳ್ಳಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಅಂದರೆ ಕಾವೇರಿಯನ್ನು ಗೇಟಿನಿಂದ ಹೊರಗೆ ಕಳಿಸೋವರೆಗೆ ಕಾನೂನು ಬಂದಿದೆ. ಕಾದಂಬರಿ ಹೇಳೋದು ಆಮೇಲಿನ ಕಥೆಯನ್ನ.

ಪುಟ್ಟಣ್ಣ ಕಣಗಾಲರ 1971ರ ಸಿನಿಮಾ ನೋಡಿದ್ದೀನಿ, ಸಾಕು ಅನ್ಬೇಡಿ. ಕಲ್ಪನಾ ಅಭಿನಯಕ್ಕೆ ಎರಡು ಮಾತಿಲ್ಲ, ಆದರೆ ಪರದೆ ಮೇಲೆ ನಾವು ಅವಳನ್ನು ಹೊರಗಿನಿಂದ ನೋಡ್ತೀವಿ, ಅಕ್ಕಪಕ್ಕದ ಮನೆಯವರ ಹಾಗೆ. ಪುಸ್ತಕದಲ್ಲಿ ಅವಳ ತಲೆಯೊಳಗೇ ಕೂತಿರ್ತೀವಿ.